ಥಾಯ್ಲೆಂಡಿನಲ್ಲಿ ಪಾಲುದಾರಿಕೆಯ ಸಣ್ಣ ವ್ಯಾಪಾರ: ವರ್ಕ್ ಪರ್ಮಿಟ್ ಪಡೆಯುವುದು, ಉಳಿಸಿಕೊಳ್ಳುವುದು

ಥಾಯ್ಲೆಂಡಿನ ಒಂದು ಕಂಪನಿಯಲ್ಲಿ ಶೇ 49ರಷ್ಟು ಷೇರು ನಿಮ್ಮ ಹೆಸರಿನಲ್ಲಿದ್ದರೆ ಲಾಭದಲ್ಲಿ ಪಾಲು ಸಿಗುತ್ತದೆ, ಷೇರುದಾರರ ಸಭೆಯಲ್ಲಿ ಮತ ಹಾಕಬಹುದು. ಆ ಕಂಪನಿ ನಡೆಸುವ ಹೋಟೆಲಿನ ಗಲ್ಲಾದಲ್ಲಿ ಕೂರುವ ಹಕ್ಕು ಮಾತ್ರ ಅದರಿಂದ ಬರುವುದಿಲ್ಲ. ಒಡೆತನವನ್ನು ನೋಡಿಕೊಳ್ಳುವುದು ವಾಣಿಜ್ಯ ಸಚಿವಾಲಯದ ವ್ಯಾಪಾರ ಅಭಿವೃದ್ಧಿ ಇಲಾಖೆ. ಕೆಲಸದ ಪರವಾನಗಿ ಕೊಡುವುದು ಕಾರ್ಮಿಕ ಸಚಿವಾಲಯದ ಉದ್ಯೋಗ ಇಲಾಖೆ. ದೇಶದಲ್ಲಿ ಉಳಿಯಲು ಬಿಡುವುದು ಇಮಿಗ್ರೇಷನ್ ಪೊಲೀಸರು. ಮೂರೂ ಕಡೆ ಬೇರೆ ಬೇರೆ ಕಾನೂನು, ಆದರೆ ಒಬ್ಬರು ಕೊಟ್ಟ ಕಾಗದವನ್ನು ಇನ್ನೊಬ್ಬರು ಕೇಳುತ್ತಾರೆ. ಆದ್ದರಿಂದ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಮಾತು ಮೊದಲೇ ತಲೆಗೆ ಹೋಗಬೇಕು. ಸಂಬಳ ತೆಗೆದುಕೊಳ್ಳದಿದ್ದರೆ ಅದು ಕೆಲಸವಲ್ಲ ಎಂದು ಹಲವರು ನಂಬಿದ್ದಾರೆ. 2017ರ ವಿದೇಶಿಯರ ಉದ್ಯೋಗ ನಿರ್ವಹಣೆ ಸುಗ್ರೀವಾಜ್ಞೆಯಡಿ ಸಂಬಳವಿಲ್ಲ ಎಂಬುದೊಂದೇ ಕಾರಣಕ್ಕೆ ಅದು ಕೆಲಸವಲ್ಲ ಎಂದಾಗುವುದಿಲ್ಲ. ಪರ್ಮಿಟ್ ಇಲ್ಲದೆ ಕೆಲಸ ಮಾಡಿದವರಿಗೆ 5,000ದಿಂದ 50,000 ಬಹ್ತ್ ದಂಡ, ಗಡೀಪಾರು, ಆಮೇಲೆ 2 ವರ್ಷ ಹೊಸ ಪರ್ಮಿಟ್ ಸಿಗದು. ಕೆಲಸಕ್ಕಿಟ್ಟುಕೊಂಡವರಿಗೆ ತಲೆಗೆ 10,000ದಿಂದ 1 ಲಕ್ಷ ಬಹ್ತ್. ಇಲ್ಲಿ ಕೆಲಸಕ್ಕಿಟ್ಟುಕೊಂಡದ್ದು ನಿಮ್ಮದೇ ಕಂಪನಿಯಾದ್ದರಿಂದ ಎರಡೂ ದಂಡ ಒಂದೇ ಜೇಬಿನಿಂದ ಹೋಗುತ್ತದೆ. 2018ರ ತಿದ್ದುಪಡಿ ಸ್ವಲ್ಪ ಸಡಿಲ ಕೊಟ್ಟಿದೆ. ಅಪರೂಪಕ್ಕೆ ಬಂದು ಸಭೆಯಲ್ಲಿ ಕೂತು ಹೋಗಲು ಪರ್ಮಿಟ್ ಬೇಡ. ಹಣ ಹಾಕಿ, ವರ್ಷಕ್ಕೊಮ್ಮೆ ಬಂದು ಲೆಕ್ಕ ನೋಡಿಕೊಂಡು ಹೋಗುವುದಷ್ಟೇ ನಿಮ್ಮ ಯೋಜನೆಯಾದರೆ ಮುಂದಿನ ಬಹುಪಾಲು ನಿಮಗೆ ಅನ್ವಯಿಸುವುದಿಲ್ಲ.

ಯಾವ ವ್ಯಾಪಾರ, ಎಷ್ಟು ಪಾಲು

1999ರ ವಿದೇಶಿ ವ್ಯಾಪಾರ ಕಾಯ್ದೆಯಲ್ಲಿ ಮೂರು ಪಟ್ಟಿಗಳಿವೆ. ಸಣ್ಣ ವ್ಯಾಪಾರದವರು ನೋಡಬೇಕಾದದ್ದು ಮೂರನೆಯದನ್ನು. ಆಹಾರ, ಪಾನೀಯದ ಮಾರಾಟ ಅದರಲ್ಲಿದೆ. ಒಟ್ಟು 10 ಕೋಟಿ ಬಹ್ತ್‌ಗಿಂತ ಕಡಿಮೆ ಬಂಡವಾಳದ ಚಿಲ್ಲರೆ ವ್ಯಾಪಾರವೂ ಅದರಲ್ಲಿದೆ. ಲೆಕ್ಕಪತ್ರ, ಕಾನೂನು, ಎಂಜಿನಿಯರಿಂಗ್ ಸೇವೆಗಳಿವೆ. ಕೊನೆಗೆ ‘ಇತರ ಸೇವೆಗಳು’ ಎಂಬ ಒಂದು ಸಾಲು ಉಳಿದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಈ ಪಟ್ಟಿಯ ವ್ಯಾಪಾರವನ್ನು ವಿದೇಶಿ ಕಂಪನಿ ಮಾಡಬೇಕಾದರೆ ವಿದೇಶಿ ವ್ಯಾಪಾರ ಲೈಸೆನ್ಸ್ ಬೇಕು. ಹೋಟೆಲು, ಅಂಗಡಿ ಇಡುವವರು ಅದರ ಆಸೆ ಬಿಟ್ಟು, ಅರ್ಧಕ್ಕಿಂತ ಹೆಚ್ಚು ಷೇರು ಥಾಯ್ ಪ್ರಜೆಗಳ ಕೈಯಲ್ಲಿರುವ ಕಂಪನಿ ಮಾಡುತ್ತಾರೆ. 51–49 ಎಂಬ ಲೆಕ್ಕ ಹುಟ್ಟಿದ್ದು ಹೀಗೆ.

ಖರ್ಚು ಕಡಿಮೆಯೆಂದು ಪಾಲುದಾರಿಕೆ ಸಂಸ್ಥೆ ಮಾಡಹೊರಟರೆ ಒಂದು ತೊಡಕಿದೆ. ಸೀಮಿತ ಪಾಲುದಾರಿಕೆಯಲ್ಲಿ ವ್ಯವಸ್ಥಾಪಕ ಪಾಲುದಾರ ವಿದೇಶಿಯಾದರೆ, ಬಂಡವಾಳದ ಪಾಲು ಎಷ್ಟೇ ಇರಲಿ, ಇಡೀ ಸಂಸ್ಥೆಯೇ ವಿದೇಶಿ ಎನಿಸಿಕೊಳ್ಳುತ್ತದೆ. ಕಂಪನಿಗೆ ಈ ನಿಯಮವಿಲ್ಲ, ನಿರ್ದೇಶಕ ವಿದೇಶಿಯಾಗಿರಬಹುದು. 2023ರ ಫೆಬ್ರವರಿಯಿಂದ ಇಬ್ಬರು ಷೇರುದಾರರಿದ್ದರೂ ಕಂಪನಿ ನೋಂದಣಿಯಾಗುತ್ತದೆ, ಅದಕ್ಕೆ ಮೊದಲು ಮೂವರು ಬೇಕಿತ್ತು. ಹಾಗಾಗಿ ಈಗ ಪಾಲುದಾರಿಕೆ ಸಂಸ್ಥೆಯ ಕಡೆ ಹೋಗಲು ಕಾರಣವೇ ಉಳಿದಿಲ್ಲ.

ಬೇನಾಮಿ ದಾರಿಯ ಬಗ್ಗೆ ಸ್ಪಷ್ಟವಾಗಿಯೇ ಹೇಳಬೇಕು. ನಿಮ್ಮ ಹಣವನ್ನೇ ಕೊಟ್ಟು ಡ್ರೈವರ್ ಹೆಸರಿನಲ್ಲೋ ಏಜೆಂಟರ ಗುಮಾಸ್ತೆಯ ಹೆಸರಿನಲ್ಲೋ 51ರ ಪಾಲು ಇಡಿಸುವುದು ಅಪರಾಧ. ಕಾಯ್ದೆಯ 36ನೇ ಕಲಮಿನಲ್ಲಿ ಹೆಸರು ಕೊಟ್ಟ ಥಾಯ್ ವ್ಯಕ್ತಿಗೂ ಹೆಸರು ಬಳಸಿಕೊಂಡ ವಿದೇಶಿಯನಿಗೂ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷದಿಂದ 10 ಲಕ್ಷ ಬಹ್ತ್ ದಂಡ, ಅಥವಾ ಎರಡೂ. ಥಾಯ್ ಪಾಲುದಾರರು ಹಾಕಿದ ಹಣ ಅವರದೇ ಎಂದು ಬ್ಯಾಂಕ್ ದಾಖಲೆಯಲ್ಲಿ ತೋರಿಸಲು ನೋಂದಣಾಧಿಕಾರಿ ಕೇಳುತ್ತಾರೆ. ‘ಎಲ್ಲರೂ ಹೀಗೇ ಮಾಡುತ್ತಾರೆ, ಏನೂ ಆಗುವುದಿಲ್ಲ’ ಎನ್ನುವ ಏಜೆಂಟರ ಹೆಸರು ಷೇರುದಾರರ ಪಟ್ಟಿಯಲ್ಲಿ ಇರುವುದಿಲ್ಲ, ನಿಮ್ಮದಿರುತ್ತದೆ.

ತಯಾರಿಕೆ, ಸಾಫ್ಟ್‌ವೇರ್‌ನಂಥ ಕೆಲಸವಿದ್ದರೆ ಹೂಡಿಕೆ ಮಂಡಳಿಯ, ಅಂದರೆ ಬಿಓಐ, ಪ್ರೋತ್ಸಾಹ ಕೇಳಿ ನೋಡಬಹುದು. ಅದು ಸಿಕ್ಕರೆ ಪೂರ್ತಿ ವಿದೇಶಿ ಒಡೆತನಕ್ಕೂ ದಾರಿಯಿದೆ, ಕೆಳಗೆ ಬರುವ ನಾಲ್ವರು ನೌಕರರ ಷರತ್ತಿನಿಂದಲೂ ವಿನಾಯಿತಿಯಿದೆ. ಅಮೆರಿಕದ ಪ್ರಜೆಗಳಿಗೆ 1966ರ ಸ್ನೇಹ ಒಪ್ಪಂದದ ಅನುಕೂಲವಿದೆ. ಭಾರತೀಯರಿಗೆ ಅಂಥದ್ದಿಲ್ಲ.

ನೀವು ಮಾಡುವ ಕೆಲಸದ ಹೆಸರೇನು

ಕಂಪನಿ ಮಾಡುವ ಮುನ್ನವೇ ಈ ಪ್ರಶ್ನೆಗೆ ಉತ್ತರ ಬೇಕು. ಪರ್ಮಿಟ್ ಸಿಗುವುದು ನಿರ್ದಿಷ್ಟ ಕಂಪನಿಯಲ್ಲಿ ನಿರ್ದಿಷ್ಟ ಕೆಲಸಕ್ಕೆ. ಥಾಯ್ ಜನರಿಗೇ ಮೀಸಲಿಟ್ಟ ಅಥವಾ ಷರತ್ತು ಹಾಕಿದ 40 ಕೆಲಸಗಳ ಪಟ್ಟಿ ಇದೆ. ಅದರಲ್ಲಿ 27 ವಿದೇಶಿಯರಿಗೆ ಪೂರ್ತಿ ನಿಷಿದ್ಧ. ವಾಹನ ಚಾಲನೆ, ಕ್ಷೌರ ಮತ್ತು ಸೌಂದರ್ಯ ಸೇವೆ, ಥಾಯ್ ಮಸಾಜ್, ಪ್ರವಾಸಿ ಗೈಡ್, ಗುಮಾಸ್ತೆ ಕೆಲಸ, ಬೀದಿ ವ್ಯಾಪಾರ, ರತ್ನ ಕತ್ತರಿಸುವುದು ಇವೆಲ್ಲ ಅದರಲ್ಲಿ ಬರುತ್ತವೆ. ಸಣ್ಣ ವ್ಯಾಪಾರದವರನ್ನು ಹೆಚ್ಚಾಗಿ ಸಿಕ್ಕಿಸುವುದು ಇನ್ನೊಂದು, ಅಂಗಡಿಯ ಮುಂದೆ ನಿಂತು ಮಾಲು ಮಾರುವುದು.

ಅಂದರೆ ಬಟ್ಟೆ ಅಂಗಡಿಯ ಪಾಲುದಾರ ‘ವ್ಯವಸ್ಥಾಪಕ ನಿರ್ದೇಶಕ’ ಎಂದು ಪರ್ಮಿಟ್ ಪಡೆದಿದ್ದರೂ ಗಿರಾಕಿಗೆ ಸೀರೆ ಬಿಚ್ಚಿ ತೋರಿಸಿ, ಬಿಲ್ಲು ಹಾಕಿ, ಚಿಲ್ಲರೆ ಎಣಿಸಿ ಕೊಟ್ಟರೆ ತಪ್ಪು. ಮಾಲು ಆರಿಸುವುದು, ಸರಬರಾಜುದಾರರೊಡನೆ ದರ ಮಾತಾಡುವುದು, ಒಪ್ಪಂದಕ್ಕೆ ಸಹಿ ಹಾಕುವುದು, ನೌಕರರಿಗೆ ಕೆಲಸ ಹೇಳಿಕೊಡುವುದು, ಲೆಕ್ಕ ಪರಿಶೀಲಿಸುವುದು, ಇಷ್ಟು ಸರಿ. ಹೋಟೆಲಿನಲ್ಲಿ ಭಾರತೀಯ ಅಡುಗೆಯ ಬಾಣಸಿಗನೆಂದು ಪರ್ಮಿಟ್ ಪಡೆಯಬಹುದು. ಹಾಗೆ ಪಡೆದವರು ಒಲೆ ಮುಂದೆ ನಿಲ್ಲಬಹುದು, ತಟ್ಟೆ ಹಿಡಿದು ಮೇಜಿಗೆ ಬಡಿಸಲು ಹೋದರೆ ಕಷ್ಟ. ತಪಾಸಣೆಗೆ ಬಂದವರು ಮೊದಲು ನೋಡುವುದೇ ಇದನ್ನು: ಪರ್ಮಿಟ್ ಮೇಲಿನ ಕೆಲಸ ಒಂದು, ಕೈಯಲ್ಲಿರುವುದು ಇನ್ನೊಂದು.

ಹೆಂಡತಿ ಅಥವಾ ಗಂಡನ ವಿಷಯವೂ ಇದೇ. ಅವಲಂಬಿತರಾಗಿ ನಾನ್-ಓ ವೀಸಾದಲ್ಲಿ ಬಂದವರು ಮನೆಯಲ್ಲಿರಬಹುದು. ಸಂಜೆ ಗಿರಾಕಿ ಹೆಚ್ಚಾದಾಗ ಅಡುಗೆಮನೆಗೆ ಕೈಜೋಡಿಸಿದರೆ ಅದು ಪರ್ಮಿಟ್ ಇಲ್ಲದ ಕೆಲಸ. ನಮ್ಮಲ್ಲಿ ಮನೆಮಂದಿಯೆಲ್ಲ ಸೇರಿ ಅಂಗಡಿ ನಡೆಸುವುದು ಸಹಜವಾದ್ದರಿಂದ ಭಾರತೀಯ ಕುಟುಂಬಗಳು ಇಲ್ಲಿ ಸುಲಭವಾಗಿ ಎಡವುತ್ತವೆ.

ಇಪ್ಪತ್ತು ಲಕ್ಷ ಮತ್ತು ನಾಲ್ವರು

ಒಬ್ಬ ವಿದೇಶಿಗೆ ಪರ್ಮಿಟ್ ಬೇಕಾದರೆ ಕಂಪನಿಯ ಪಾವತಿಯಾದ ಬಂಡವಾಳ 20 ಲಕ್ಷ ಬಹ್ತ್ ಇರಬೇಕು, ವಾಸ್ತವ್ಯದ ವಿಸ್ತರಣೆಗೆ ಹೋಗುವಾಗ 4 ಮಂದಿ ಥಾಯ್ ಖಾಯಂ ನೌಕರರಿರಬೇಕು. ಇಬ್ಬರು ವಿದೇಶಿ ಪಾಲುದಾರರು ಇಬ್ಬರೂ ಕೆಲಸ ಮಾಡುವುದಾದರೆ 40 ಲಕ್ಷ ಮತ್ತು 8 ಮಂದಿ. ಥಾಯ್ ಪ್ರಜೆಯನ್ನು ಮದುವೆಯಾದವರಿಗೆ ಬಂಡವಾಳದ ಅಳತೆ 10 ಲಕ್ಷಕ್ಕೆ ಇಳಿಯುತ್ತದೆ. ಷೇರು ಮೊತ್ತದ ಕಾಲು ಭಾಗ ಕಟ್ಟಿದರೂ ಕಂಪನಿ ಹುಟ್ಟುತ್ತದೆ, ಕಾನೂನಿನಲ್ಲಿ ಅದು ಸರಿ. ಆದರೆ ಪರ್ಮಿಟ್‌ಗೆ ಲೆಕ್ಕ ಹಿಡಿಯುವುದು ಪೂರ್ತಿ ಕಟ್ಟಿದ ಹಣವನ್ನು ಮಾತ್ರ.

ಬಂಡವಾಳ ಒಮ್ಮೆ ಹಾಕಿದರೆ ಮುಗಿಯಿತು, ನೌಕರರ ಖರ್ಚು ತಿಂಗಳು ತಿಂಗಳೂ ಬರುವಂಥದ್ದು. ಲೆಕ್ಕ ಹೀಗಿದೆ. 2025ರ ಜುಲೈಯಿಂದ ಬ್ಯಾಂಕಾಕಿನ ಕನಿಷ್ಠ ಕೂಲಿ ದಿನಕ್ಕೆ 400 ಬಹ್ತ್. ತಿಂಗಳಿಗೆ 26 ದಿನವೆಂದರೆ ಒಬ್ಬರಿಗೆ 10,400, ನಾಲ್ವರಿಗೆ 41,600. ಭಾರತೀಯ ಪ್ರಜೆಯ ವಾಸ್ತವ್ಯ ವಿಸ್ತರಿಸಬೇಕಾದರೆ ಇಮಿಗ್ರೇಷನ್ ಕೇಳುವ ಕನಿಷ್ಠ ಸಂಬಳ ತಿಂಗಳಿಗೆ 35,000. ಅಮೆರಿಕ, ಜಪಾನ್, ಪಶ್ಚಿಮ ಯುರೋಪಿನವರಿಗೆ ಇದೇ 50,000. ಸಾಮಾಜಿಕ ಭದ್ರತಾ ನಿಧಿಗೆ ಮಾಲೀಕನ ಪಾಲು ಶೇ 5 ಸೇರಿಸಿದರೆ ಬಾಡಿಗೆ, ಮಾಲು, ವಿದ್ಯುತ್ತು ಯಾವುದೂ ಇಲ್ಲದೆಯೇ ತಿಂಗಳಿಗೆ ಸುಮಾರು 80,000 ಬಹ್ತ್ ಬೇಕು. ನಿಮ್ಮ ವ್ಯಾಪಾರ ಅಷ್ಟು ಹೊರುವಂಥದ್ದೇ ಎಂದು ಇಲ್ಲೇ ಕೂತು ನೋಡಿ. ಹೊರಲಾರದು ಎನಿಸಿದರೆ ಪರ್ಮಿಟ್‌ನ ಚಿಂತೆ ಬಿಟ್ಟು ಬರೀ ಹೂಡಿಕೆದಾರರಾಗಿ ಉಳಿಯುವುದೇ ವಾಸಿ.

ಕಾಗದದ ಮೇಲೆ ಸಂಬಳ ತೋರಿಸಿ ತೆರಿಗೆ ಕಟ್ಟದಿರಲು ನೋಡಬೇಡಿ. ತಿಂಗಳಿಗೆ 35,000 ಎಂದರೆ ವರ್ಷಕ್ಕೆ 4,20,000. ಖರ್ಚಿನ ಕಡಿತ 1 ಲಕ್ಷ, ವೈಯಕ್ತಿಕ ಕಡಿತ 60,000, ಮೊದಲ 1,50,000ಕ್ಕೆ ತೆರಿಗೆಯಿಲ್ಲ. ಉಳಿದ 1,10,000ಕ್ಕೆ ಶೇ 5ರಂತೆ ವರ್ಷಕ್ಕೆ 5,500 ಬಹ್ತ್. ಇಷ್ಟನ್ನು ಉಳಿಸಲು ಹೋಗಿ ತೆರಿಗೆ ರಸೀದಿಯಿಲ್ಲದೆ ವಿಸ್ತರಣೆ ಕಳೆದುಕೊಳ್ಳುವವರಿದ್ದಾರೆ.

ನಾಲ್ವರು ನಿಜವಾದ ನೌಕರರೇ ಆಗಿರಬೇಕು. ಥಾಯ್ ಪಾಲುದಾರರನ್ನೋ ಅವರ ಅಜ್ಜಿಯನ್ನೋ ಪಟ್ಟಿಗೆ ತುರುಕಿದರೆ, ಇಮಿಗ್ರೇಷನ್‌ನವರು ಅಂಗಡಿಗೇ ಬಂದು ತಲೆ ಎಣಿಸಿದಾಗ ಗುಟ್ಟು ಹೊರಬೀಳುತ್ತದೆ. ಒಬ್ಬರು ಕೆಲಸ ಬಿಟ್ಟರೆ ಸಂಖ್ಯೆ ಮೂರಕ್ಕಿಳಿಯುತ್ತದೆ. ವಿಸ್ತರಣೆಯ ಅರ್ಜಿಯೊಂದಿಗೆ ಹಿಂದಿನ 3 ತಿಂಗಳ ಸಾಮಾಜಿಕ ಭದ್ರತಾ ಪಟ್ಟಿ ಕೊಡಬೇಕಾಗುವುದರಿಂದ, ಅರ್ಜಿಯ ಹಿಂದಿನ ದಿನ ಯಾರನ್ನೋ ಸೇರಿಸಿಕೊಂಡರೆ ಆಗದು. ಐದನೆಯವರೊಬ್ಬರನ್ನು ಇಟ್ಟುಕೊಳ್ಳುವುದು ದುಂದು ಅಲ್ಲ.

ನೋಂದಣಿಗೆ ಮೊದಲು ಬರೆದಿಡಬೇಕಾದದ್ದು

ಪರ್ಮಿಟ್ ಬಗ್ಗೆ ಬರೆಯುವವರು ಈ ಭಾಗವನ್ನು ವಕೀಲರ ಪಾಲಿಗೆ ಬಿಟ್ಟುಬಿಡುತ್ತಾರೆ. ಆದರೆ ಪರ್ಮಿಟ್ ನಿಂತಿರುವುದೇ ಇದರ ಮೇಲೆ.

ಥಾಯ್ ಕಾನೂನಿನಲ್ಲಿ ನಿರ್ದೇಶಕರನ್ನು ನೇಮಿಸುವುದೂ ತೆಗೆಯುವುದೂ ಷೇರುದಾರರ ಸಭೆ. ಅದಕ್ಕೆ ಸರಳ ಬಹುಮತ ಸಾಕು. ಐದನೇ ಒಂದು ಭಾಗ ಷೇರಿದ್ದವರು ವಿಶೇಷ ಸಭೆ ಕರೆಯುವಂತೆ ಒತ್ತಾಯಿಸಬಹುದು. ಶೇ 51 ಹಿಡಿದವರು ಮನಸ್ಸು ಮಾಡಿದರೆ ಒಂದೇ ಸಭೆಯಲ್ಲಿ ನಿಮ್ಮನ್ನು ನಿರ್ದೇಶಕ ಸ್ಥಾನದಿಂದ ಇಳಿಸಬಹುದು. ಸ್ಥಾನ ಹೋದರೆ ಕೆಲಸ ಹೋಯಿತು, ಕೆಲಸದೊಂದಿಗೆ ಪರ್ಮಿಟ್, ಪರ್ಮಿಟ್‌ನೊಂದಿಗೆ ವಾಸ್ತವ್ಯ. ಷೇರು ಮಾತ್ರ ನಿಮ್ಮದೇ.

ಇನ್ನೊಂದು ಮಗ್ಗುಲೂ ಇದೆ. ಕಂಪನಿಯ ನಿಯಮಾವಳಿ ಬದಲಿಸಲು, ಬಂಡವಾಳ ಏರಿಸಲು ಅಥವಾ ಇಳಿಸಲು, ಕಂಪನಿಯನ್ನು ಮುಚ್ಚಲು ವಿಶೇಷ ನಿರ್ಣಯ ಬೇಕು, ಅದಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ. 49 ಇದ್ದವರು ಒಪ್ಪದೆ ಇವು ಯಾವುವೂ ನಡೆಯುವುದಿಲ್ಲ. ಹೀಗಾಗಿ ನಿಮ್ಮ ರಕ್ಷಣೆ ಇರಬೇಕಾದದ್ದು ನಿಯಮಾವಳಿಯಲ್ಲಿ. ನಿರ್ದೇಶಕರ ಬದಲಾವಣೆ, ದೊಡ್ಡ ಸಾಲ, ಅಂಗಡಿಯ ಬಾಡಿಗೆ ಕರಾರು, ಬ್ಯಾಂಕ್ ಖಾತೆಯ ಸಹಿ ಇಂಥವಕ್ಕೆ ಎರಡೂ ಕಡೆಯ ಒಪ್ಪಿಗೆ ಬೇಕೆಂದು ಮೊದಲ ದಿನವೇ ಬರೆಸಿ ನೋಂದಾಯಿಸಿದರೆ, ಆಮೇಲೆ ಅದನ್ನು ತೆಗೆಯಲು ನಿಮ್ಮ ಮತವೂ ಬೇಕಾಗುತ್ತದೆ. ಖಾಸಗಿ ಒಪ್ಪಂದ ಪತ್ರವೊಂದನ್ನೇ ನಂಬಬೇಡಿ. ಅದು ಸಹಿ ಹಾಕಿದವರನ್ನಷ್ಟೇ ಕಟ್ಟುತ್ತದೆ, ಅವರ ಷೇರು ಕೊಂಡವರನ್ನಲ್ಲ.

ಬಾಡಿಗೆ ಕರಾರು ಕಂಪನಿಯ ಹೆಸರಿನಲ್ಲಿರಲಿ, ಪಾಲುದಾರರ ಹೆಸರಿನಲ್ಲಿ ಬೇಡ. 3 ವರ್ಷ ಮೀರಿದ ಕರಾರನ್ನು ಭೂ ಕಚೇರಿಯಲ್ಲಿ ನೋಂದಾಯಿಸದಿದ್ದರೆ ಮೊದಲ 3 ವರ್ಷಕ್ಕೆ ಮಾತ್ರ ನಿಲ್ಲುತ್ತದೆ.

ಹಣ ಕಳಿಸುವುದು

ಭಾರತದಿಂದ ಹಾಕುವ ಬಂಡವಾಳ ಬ್ಯಾಂಕ್ ಮೂಲಕವೇ ಹೋಗಬೇಕು, ಥಾಯ್ ಬ್ಯಾಂಕಿನಿಂದ ಹಣ ಬಂದ ದೃಢೀಕರಣ ಪಡೆದು ಜೋಪಾನವಾಗಿಡಬೇಕು. ಷೇರಿನ ಹಣ ಎಲ್ಲಿಂದ ಬಂತು ಎಂದು ಕೇಳಿದಾಗಲೂ ಮುಂದೆ ಹಣ ವಾಪಸು ತರುವಾಗಲೂ ಅದೇ ಸಾಕ್ಷಿ. ಭಾರತದ ನಿವಾಸಿಗಳಿಗೆ ಉದಾರೀಕೃತ ರವಾನೆ ಯೋಜನೆಯಲ್ಲಿ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯಿದೆ. ಪಟ್ಟಿಯಾಗದ ವಿದೇಶಿ ಕಂಪನಿಯ ಷೇರು ಎಷ್ಟೇ ಕಡಿಮೆಯಿದ್ದರೂ 2022ರ ನಿಯಮಗಳಂತೆ ಅದು ಸಾಗರೋತ್ತರ ನೇರ ಹೂಡಿಕೆ. ಆದ್ದರಿಂದ ಬ್ಯಾಂಕಿನಲ್ಲಿ ಅದರ ವಿವರ ಕೊಡುವ ಫಾರ್ಮ್ ಎಫ್‌ಸಿ ತುಂಬಬೇಕು. ‘ಸಂಬಂಧಿಕರ ಖರ್ಚಿಗೆ’ ಎಂದು ಬರೆದು ಕಳಿಸಿದ ಹಣ ಥಾಯ್ಲೆಂಡಿನಲ್ಲಿ ಬಂಡವಾಳವಾಗಬಹುದು, ಭಾರತದ ಲೆಕ್ಕದಲ್ಲಿ ಉಲ್ಲಂಘನೆಯೇ. ಹೂಡಿಕೆಗೆ ಕಳಿಸುವ ಮೊತ್ತ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಮೇಲಿನದಕ್ಕೆ ಶೇ 20 ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನಿನಲ್ಲಿ ಅದನ್ನು ವಾಪಸು ಕೇಳಬಹುದು, ಆದರೆ ಅಷ್ಟು ಹಣ ಕೆಲವು ತಿಂಗಳು ಕೈಯಲ್ಲಿರುವುದಿಲ್ಲ.

ಕಾಗದಗಳ ಸರದಿ

ಮೊದಲು ಕಂಪನಿಯ ಹೆಸರು ಕಾಯ್ದಿರಿಸಿ ನೋಂದಣಿ. ಆಮೇಲೆ ಕಂಪನಿಯ ಬ್ಯಾಂಕ್ ಖಾತೆ, ಬಂಡವಾಳ ಜಮಾ. ನಂತರ ವ್ಯಾಟ್, ಅಂದರೆ ಮೌಲ್ಯವರ್ಧಿತ ತೆರಿಗೆಯ ನೋಂದಣಿ. ಕಾನೂನು ಪ್ರಕಾರ ವಹಿವಾಟು ವರ್ಷಕ್ಕೆ 18 ಲಕ್ಷ ಬಹ್ತ್ ದಾಟಿದಾಗಲಷ್ಟೇ ವ್ಯಾಟ್ ಕಡ್ಡಾಯ. ಪರ್ಮಿಟ್ ಬೇಕೆಂದಿರುವವರು ಅಲ್ಲಿಯವರೆಗೆ ಕಾಯುವುದಿಲ್ಲ, ಏಕೆಂದರೆ ಅರ್ಜಿಯ ಜೊತೆ ವ್ಯಾಟ್ ಪ್ರಮಾಣಪತ್ರ ಕೇಳುವುದು ರೂಢಿ. ನೋಂದಣಿಯಾದ ಮೇಲೆ ಮಾರಾಟ ಸೊನ್ನೆಯಿದ್ದರೂ ತಿಂಗಳು ತಿಂಗಳೂ ವಿವರ ಸಲ್ಲಿಸಬೇಕು.

ವ್ಯಾಟ್‌ಗೂ ಪರ್ಮಿಟ್‌ಗೂ ವಿಳಾಸದ ದಾಖಲೆ ಬೇಕು: ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿಯ ಪ್ರತಿ, ‘ತಬಿಯನ್ ಬಾನ್’ ಎನ್ನುವ ಮನೆ ನೋಂದಣಿ ಪುಸ್ತಕದ ಪ್ರತಿ, ಜಾಗದ ನಕ್ಷೆ, ಕಂಪನಿಯ ಬೋರ್ಡು ಮತ್ತು ಮನೆ ನಂಬರು ಕಾಣುವಂಥ ಫೋಟೊ. ಬಾಡಿಗೆ ಆದಾಯ ತೆರಿಗೆಯವರ ಕಣ್ಣಿಗೆ ಬೀಳುತ್ತದೆಂದು ಕೆಲವು ಮಾಲೀಕರು ಈ ಕಾಗದ ಕೊಡಲು ಹಿಂದೆಗೆಯುತ್ತಾರೆ. ಮುಂಗಡ ಕೊಡುವ ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ. ಇದೊಂದು ಕಾರಣಕ್ಕೆ ಜಾಗವನ್ನೇ ಬದಲಿಸಬೇಕಾಗಿ ಬಂದರೆ ನಷ್ಟ ದೊಡ್ಡದು.

ಥಾಯ್ ನೌಕರರನ್ನು ಸೇರಿಸಿಕೊಂಡು 30 ದಿನದೊಳಗೆ ಸಾಮಾಜಿಕ ಭದ್ರತಾ ಕಚೇರಿಯಲ್ಲಿ ನೋಂದಾಯಿಸಿ.

ಇದಾದ ಮೇಲೆ ಕಂಪನಿಯು ನಿಮ್ಮ ಪರವಾಗಿ ಉದ್ಯೋಗ ಇಲಾಖೆಗೆ ಮುಂಗಡ ಅರ್ಜಿ ಹಾಕುತ್ತದೆ. ಹಳಬರು ಇದನ್ನು ಈಗಲೂ ‘ಡಬ್ಲ್ಯೂಪಿ-3’ ಎನ್ನುತ್ತಾರೆ. 2025ರ ಅಕ್ಟೋಬರ್‌ನಿಂದ ಅರ್ಜಿಗಳು ಆನ್‌ಲೈನ್ ವ್ಯವಸ್ಥೆಗೆ ಬಂದಿವೆ. ಈ ಹಂತದಲ್ಲಿ ನೀವು ಥಾಯ್ಲೆಂಡಿನ ಹೊರಗಿರಬೇಕು. ಅರ್ಜಿಗೆ ಕಂಪನಿಯ ಪರ ಸಹಿ ಹಾಕುವವರು ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ. ಪರ್ಮಿಟ್ ಇಲ್ಲದ ನೀವೊಬ್ಬರೇ ಅಧಿಕೃತ ನಿರ್ದೇಶಕರಾಗಿದ್ದರೆ ನಿಮ್ಮನ್ನು ನೀವೇ ಕೆಲಸಕ್ಕೆ ಕರೆದಂತಾಗುತ್ತದೆ. ಆರಂಭದಲ್ಲಿ ಥಾಯ್ ಪಾಲುದಾರರೂ ಸಹಿ ಮಾಡಬಲ್ಲ ನಿರ್ದೇಶಕರಾಗಿದ್ದರೆ ಈ ಗೋಜಲು ಇರುವುದಿಲ್ಲ.

ಮುಂಗಡ ಒಪ್ಪಿಗೆ ಬಂದರೆ ಅದನ್ನಿಟ್ಟು ಭಾರತದಿಂದ ಇ-ವೀಸಾ ಮೂಲಕ ನಾನ್-ಬಿ, ಅಂದರೆ ವ್ಯಾಪಾರ ಮತ್ತು ಕೆಲಸದ ವೀಸಾಕ್ಕೆ ಅರ್ಜಿ. ಅದರಲ್ಲಿ ಒಳಬಂದರೆ 90 ದಿನದ ಮುದ್ರೆ ಬೀಳುತ್ತದೆ. ಪ್ರವಾಸಿಯಾಗಿ ಬಂದು ಅಲ್ಲೇ ನಾನ್-ಬಿಗೆ ಬದಲಿಸಿಕೊಳ್ಳುವ ದಾರಿಯೂ ಇದೆ. ವಾಸ್ತವ್ಯ ಕನಿಷ್ಠ 15 ದಿನ ಬಾಕಿಯಿರಬೇಕು, ಶುಲ್ಕ 2,000 ಬಹ್ತ್. ಆದರೆ ಒಂದು ಕಾಗದ ಕಡಿಮೆಬಿದ್ದರೂ ದಿನಗಳು ಕರಗಿಹೋಗಿ ದೇಶ ಬಿಡಬೇಕಾಗುವುದರಿಂದ ಹೊರಗಿನಿಂದ ವೀಸಾ ಮಾಡಿಸಿಕೊಂಡು ಬರುವುದೇ ಒಳ್ಳೆಯದು.

ಬಂದ ಮೇಲೆ ವೈದ್ಯಕೀಯ ಪ್ರಮಾಣಪತ್ರ. ಕುಷ್ಠ, ಕ್ಷಯ, ಆನೆಕಾಲು, ಮೂರನೇ ಹಂತದ ಸಿಫಿಲಿಸ್, ಮಾದಕ ವ್ಯಸನ, ಮದ್ಯವ್ಯಸನ ಇಲ್ಲವೆಂದು ಅದರಲ್ಲಿ ಬರೆದಿರಬೇಕು. ಬರೀ ‘ಆರೋಗ್ಯವಂತ’ ಎಂದಿದ್ದರೆ ವಾಪಸು ಕಳಿಸುತ್ತಾರೆ. ಪದವಿ ಪ್ರಮಾಣಪತ್ರ, ಹಿಂದಿನ ಕೆಲಸದ ಪತ್ರಗಳಲ್ಲಿ ಹೆಸರು ಪಾಸ್‌ಪೋರ್ಟಿನಂತೆಯೇ ಇರಬೇಕು. ನಮ್ಮವರಿಗೆ ಇನಿಷಿಯಲ್‌ಗಳ ಕಾಟ ಇಲ್ಲಿ ತಪ್ಪಿದ್ದಲ್ಲ. ಒಂದರಲ್ಲಿ ಒಂದಕ್ಷರ, ಇನ್ನೊಂದರಲ್ಲಿ ಪೂರ್ತಿ ಊರಿನ ಹೆಸರು ಇದ್ದರೆ ಊರಿನಿಂದ ಹೊರಡುವ ಮೊದಲೇ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಅರ್ಜಿ ಶುಲ್ಕ 100 ಬಹ್ತ್. ಪರ್ಮಿಟ್ ಶುಲ್ಕ 3 ತಿಂಗಳವರೆಗೆ 750, 6 ತಿಂಗಳವರೆಗೆ 1,500, ವರ್ಷಕ್ಕೆ 3,000. ಏಜೆಂಟರ ಬಿಲ್ಲಿನಲ್ಲಿ ಸರ್ಕಾರಿ ಶುಲ್ಕ ಎಷ್ಟು, ಅವರ ಕೂಲಿ ಎಷ್ಟು ಎಂದು ಇದರಿಂದ ತಿಳಿಯುತ್ತದೆ.

ವಿಸ್ತರಣೆ, ಆಮೇಲಿನ ಪಾಲನೆ

90 ದಿನ ಮುಗಿಯುವ ಮುನ್ನ ವರ್ಷದ ವಿಸ್ತರಣೆಗೆ ಇಮಿಗ್ರೇಷನ್‌ಗೆ ಅರ್ಜಿ ಹಾಕಬೇಕು, ಶುಲ್ಕ 1,900 ಬಹ್ತ್. ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ಸಂಬಳದ ತೆರಿಗೆ ಮತ್ತು ಸಾಮಾಜಿಕ ಭದ್ರತೆ ಕಟ್ಟಿದ ರಸೀದಿ, ವ್ಯಾಟ್ ವಿವರ, ನೌಕರರು ಕೆಲಸದಲ್ಲಿರುವ ಫೋಟೊ, ಎರಡನೇ ವರ್ಷದಿಂದ ಲೆಕ್ಕಪರಿಶೋಧಕರ ಸಹಿಯಾದ ವಾರ್ಷಿಕ ಲೆಕ್ಕ ಎಲ್ಲವನ್ನೂ ಕೇಳುತ್ತಾರೆ. ಮೊದಲ ವರ್ಷ ನಷ್ಟವಾದರೆ ತಲೆ ಹೋಗುವುದಿಲ್ಲ. ನಷ್ಟ ಬಂಡವಾಳವನ್ನೇ ನುಂಗಿ ಕಂಪನಿಯ ನಿವ್ವಳ ಮೌಲ್ಯ ಸೊನ್ನೆಗಿಂತ ಕೆಳಗಿಳಿದರೆ ತಕರಾರು ಬರುತ್ತದೆ. ಆಗ ಬಂಡವಾಳ ಏರಿಸಬೇಕು, ಅದಕ್ಕೆ ಮತ್ತೆ ಮುಕ್ಕಾಲು ಪಾಲು ಮತ ಬೇಕು.

ಪರ್ಮಿಟ್ ಮತ್ತು ವಾಸ್ತವ್ಯದ ಕೊನೆಯ ದಿನಾಂಕ ಬೇರೆ ಬೇರೆಯಿರಬಹುದು. ಎರಡನ್ನೂ ಬರೆದಿಟ್ಟುಕೊಳ್ಳಿ. ದೇಶದೊಳಗೆ 90 ದಿನ ಸತತ ಇದ್ದರೆ ವಿಳಾಸ ವರದಿ ಮಾಡಬೇಕು. ಮನೆಗೆ ವಿದೇಶಿ ಬಂದ 24 ಗಂಟೆಯೊಳಗೆ ಅದನ್ನು ತಿಳಿಸುವ ಟಿಎಂ-30 ಫಾರ್ಮ್ ತುಂಬುವುದು ಮನೆ ಮಾಲೀಕರ ಹೊಣೆ, ಆದರೆ ಅದಿಲ್ಲದಿದ್ದರೆ ಇಮಿಗ್ರೇಷನ್ ಕಿಟಕಿಯಲ್ಲಿ ತಡೆಯುವುದು ನಿಮ್ಮನ್ನು. ಊರಿಗೆ ಬರುವಾಗ ಮರುಪ್ರವೇಶ ಪರವಾನಗಿ ಮರೆತರೆ ವಿಮಾನ ಹತ್ತಿದ ಕ್ಷಣ ವರ್ಷದ ವಿಸ್ತರಣೆ ರದ್ದು, ಮತ್ತೆ ನಾನ್-ಬಿಯಿಂದ ಶುರು. ಒಂದು ಸಲಕ್ಕೆ 1,000, ಎಷ್ಟು ಸಲವಾದರೂ ಸರಿಯೆಂಬುದಕ್ಕೆ 3,800 ಬಹ್ತ್. ವರ್ಷದಲ್ಲಿ ನಾಲ್ಕು ಸಲ ಬಂದುಹೋಗುವವರಿಗೆ ಎರಡನೆಯದೇ ಅಗ್ಗ. ಅವಧಿ ಮೀರಿ ಉಳಿದರೆ ದಿನಕ್ಕೆ 500, ಗರಿಷ್ಠ 20,000.

ಪಾಲುದಾರಿಕೆ ಮುರಿದರೆ

ನೀವೇ ಬಿಟ್ಟರೂ ಅವರು ಬಿಡಿಸಿದರೂ ಕಂಪನಿ 15 ದಿನದೊಳಗೆ ಉದ್ಯೋಗ ಇಲಾಖೆಗೆ ತಿಳಿಸಬೇಕು, ಇಮಿಗ್ರೇಷನ್‌ಗೂ ತಿಳಿಸಬೇಕು. ಕೆಲಸದ ಆಧಾರದ ಮೇಲೆ ಕೊಟ್ಟ ವಾಸ್ತವ್ಯ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದೇ ದಿನ ಹೋಗಿ 1,900 ಬಹ್ತ್ ಕಟ್ಟಿ 7 ದಿನ ಕೇಳಬಹುದು. ಪಾಸ್‌ಪೋರ್ಟಿನಲ್ಲಿ ಇನ್ನೂ ಎಂಟು ತಿಂಗಳಿದೆಯೆಂದು ಸುಮ್ಮನಿದ್ದವರ ಮೇಲೆ ಅವಧಿ ಮೀರಿದ ದಂಡ ಬೆಳೆಯುತ್ತ ಹೋಗುತ್ತದೆ. ಆದ್ದರಿಂದ ರಾಜೀನಾಮೆಯ ದಿನಾಂಕವನ್ನು ಜಗಳದ ಬಿಸಿಯಲ್ಲಿ ಬರೆಯಬೇಡಿ. ಷೇರಿನ ಬೆಲೆ ಮಾತಾಡಿ, ಹಣ ಕೈಸೇರುವ ದಿನ ಗೊತ್ತಾದ ಮೇಲೆ ಅದಕ್ಕೆ ಹೊಂದುವಂತೆ ಬರೆಯಿರಿ.

ಷೇರು ವರ್ಗಾವಣೆ ಲಿಖಿತವಾಗಿರಬೇಕು, ಕೊಡುವವರು, ಕೊಳ್ಳುವವರು ಇಬ್ಬರ ಸಹಿ ಮತ್ತು ಕನಿಷ್ಠ ಒಬ್ಬ ಸಾಕ್ಷಿಯ ಸಹಿ ಇರಬೇಕು. ಇದಿಲ್ಲದ ವರ್ಗಾವಣೆ ಅಸಿಂಧು. ಮುದ್ರಾಂಕ ಶುಲ್ಕ ಸಾವಿರಕ್ಕೆ 1 ಬಹ್ತ್. ಹೊಸ ಷೇರುದಾರರ ಪಟ್ಟಿ ವ್ಯಾಪಾರ ಅಭಿವೃದ್ಧಿ ಇಲಾಖೆಗೆ ಹೋಗಿದೆಯೇ ಎಂದು ನೋಡಿ ಒಂದು ಪ್ರತಿ ಇಟ್ಟುಕೊಳ್ಳಿ. ನಿರ್ದೇಶಕರ ಹೆಸರು ತೆಗೆಸಿರುವುದಕ್ಕೂ ಅಷ್ಟೇ, ಏಕೆಂದರೆ ನೀವು ದೇಶ ಬಿಟ್ಟ ಮೇಲೂ ಕಂಪನಿಯ ತೆರಿಗೆ ನೋಟಿಸು ದಾಖಲೆಯಲ್ಲಿರುವ ನಿರ್ದೇಶಕರ ಹೆಸರಿಗೇ ಬರುತ್ತದೆ. ಭಾರತದ ನಿವಾಸಿಯಾಗಿ ಹೂಡಿದ್ದವರು ಮಾರಾಟದ ಹಣ ಕೈಸೇರಿದ 30 ದಿನದೊಳಗೆ ಬ್ಯಾಂಕಿಗೆ ಫಾರ್ಮ್ ಎಫ್‌ಸಿಯಲ್ಲಿ ತಿಳಿಸಬೇಕು, ಹಣವನ್ನು 90 ದಿನದೊಳಗೆ ವಾಪಸು ತರಬೇಕು.